ತೋರಿಸದ ಹೊಲ, ಹೇಳದ ಕೆಲಸ

2024ರ ಡಿಸೆಂಬರ್ 30, ಎಳ್ಳು ಅಮಾವಾಸ್ಯೆ. ನವಲಗುಂದ ತಾಲೂಕಿನ ಒಂದು ಎರಿ ಹೊಲಕ್ಕೆ, ಭೂಮಿತಾಯಿಗೆ ಅನ್ನ ಚೆಲ್ಲುವ ಚರಗದ ಊಟಕ್ಕೆ ಕರೆದಿದ್ದರು. ಕಡಲೆ ಕಾಯಿ ಹಿಡಿದಿತ್ತು, ಬಿಳಿಜೋಳ ಆಳೆತ್ತರ ನಿಂತಿತ್ತು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರ ಪೂಜೆ ಮುಗಿಸಿದ್ದರು. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಬದನೆಯ ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ ಎಲ್ಲ ಬಿಚ್ಚಿ ಕೂಡುವಷ್ಟರಲ್ಲಿ ಮನೆಯ ಯಜಮಾನನ ಜೇಬಿನಲ್ಲಿ ಫೋನು ರಿಂಗಣಿಸಿತು. ಅಮೆರಿಕದಲ್ಲಿ ಎಂ.ಎಸ್. ಓದುತ್ತಿರುವ ಮಗ. ಅಲ್ಲಿ ನಡುರಾತ್ರಿ ದಾಟಿತ್ತು. ಹಬ್ಬದ ಹೊಲ ನೋಡಬೇಕೆಂದು ನಿದ್ದೆಗೆಟ್ಟು ಕೂತಿದ್ದ.

"ಅಪ್ಪಾ, ಫೋನ ಸುತ್ತ ತಿರುಗಿಸು. ಹೊಲಾ ಎಲ್ಲಾ ನೋಡತೇನಿ."

ಅಪ್ಪ ತಿರುಗಿಸಿದ. ಮೂಡಲಿಗೆ ಕಡಲೆ, ತೆಂಕಲಿಗೆ ಜೋಳ, ಬನ್ನಿಗಿಡ, ತಲೆ ಮೇಲೆ ಸೆರಗು ಹೊದ್ದು ಚರಗದ ಬುಟ್ಟಿ ಹಿಡಿದ ಅವ್ವ, ಒಡ್ಡಿನ ಮೇಲೆ ಕೂತ ನಾನು. ಅಷ್ಟಕ್ಕೆ ಕೈ ನಿಂತಿತು. ಪಡುವಲ ಕಡೆಗೆ ಫೋನು ಹೊರಳಲಿಲ್ಲ. ಆ ಕಡೆಯ ನಾಲ್ಕು ಎಕರೆಯನ್ನು ಆರು ತಿಂಗಳ ಹಿಂದೆ, ಮಗನ ಎರಡನೇ ವರ್ಷದ ಫೀಗಾಗಿ, ಖರೀದಿ ಕೊಟ್ಟಾಗಿತ್ತು. ಮಗನಿಗೆ ಹೇಳಿದ್ದು 'ಸೊಸೈಟ್ಯಾಗ ಸಾಲಾ ಸಿಕ್ಕೈತಿ' ಎಂದು.

ಫೋನಿನೊಳಗೆ ಮಗನದೂ ಮುಖವಷ್ಟೇ ಕಾಣುತ್ತಿತ್ತು. ಹಿಂದೆ ಬಿಳಿ ಗೋಡೆ. "ಭೂಮಿತಾಯಿಗೆ ಕೈ ಮುಗಿಯೋ" ಎಂದು ಅವ್ವ ಅಂದಾಗ ತಲೆ ಬಾಗಿಸಿದ. ಕೈ ಮೇಲೆ ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಯೂನಿವರ್ಸಿಟಿಯ ಊಟದ ಮನೆಯಲ್ಲಿ ತಟ್ಟೆ ತೊಳೆಯುವ ಕೆಲಸ ಅವನದು. ಬಿಸಿನೀರು, ಸೋಪು, ಹೊರಗಿನ ಚಳಿ ಮೂರೂ ಕೂಡಿ ಬೆರಳ ಸಂದುಗಳು ಸೀಳಿದ್ದವು. ಅಪ್ಪ ಅವ್ವನ ಲೆಕ್ಕದಲ್ಲಿ ಅವನು ಲೈಬ್ರರಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿರುತ್ತಾನೆ.

ಅಪ್ಪನ ಗುಟ್ಟನ್ನು ಅಪ್ಪ ನನಗೆ ಹೇಳಿದ್ದ, ಮಗನ ಗುಟ್ಟನ್ನು ಮಗ. ಇಬ್ಬರೂ ಕೊನೆಗೆ ಒಂದೇ ಮಾತು ಸೇರಿಸಿದ್ದರು: "ಅವಗ ಹೇಳಬ್ಯಾಡ್ರಿ ಮಾಸ್ತರ", "ಅಪ್ಪಗ ಹೇಳಬ್ಯಾಡ್ರಿ ಸರ್." ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತನಾದವನು ನಾನು. ಲೆಕ್ಕ ಬಚ್ಚಿಡುವ ಕೆಲಸ ಈ ವಯಸ್ಸಿನಲ್ಲಿ ಬಂದಿತು.

ಆ ಹೊಲದಲ್ಲಿ ಒಡ್ಡಿನ ಮೇಲೆ ಕೂತಾಗ ನನ್ನನ್ನು ಹೆಚ್ಚು ಚುಚ್ಚಿದ್ದು ಅವರಿಬ್ಬರ ಸುಳ್ಳಲ್ಲ. ಈ ಕಥೆಯ ಮೊದಲ ಸುಳ್ಳು ನನ್ನದಾಗಿತ್ತು. 2023ರ ಬೇಸಿಗೆಯಲ್ಲಿ ಹುಡುಗನಿಗೆ ಪ್ರವೇಶ ಸಿಕ್ಕ ಪತ್ರ ಬಂದಾಗ ಅಪ್ಪ ಅದನ್ನು ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ನನ್ನ ಮನೆಗೆ ಬಂದಿದ್ದ. "ಇಷ್ಟ ರೊಕ್ಕಾ ಎಲ್ಲಿಂದ ತರೋದ್ರಿ ಮಾಸ್ತರ?" ಎಂದು ಕೇಳಿದ. ನಾನು ಚಹಾ ಕುಡಿಯುತ್ತ, ಬಲ್ಲವನಂತೆ ಹೇಳಿದೆ: "ಮೊದಲನೇ ವರ್ಷದ್ದ ಹೊಂದಿಸು ಸಾಕು. ಅಲ್ಲಿ ಹುಡುಗೂರು ದುಡಕೊಂಡ ಓದತಾರ." ಯಾರೋ ಹೇಳಿದ್ದನ್ನು ಕೇಳಿದ್ದೆ, ಎಲ್ಲರೂ ಹೇಳುವ ಮಾತಾದ್ದರಿಂದ ನಿಜವೆಂದೂ ನಂಬಿದ್ದೆ. ಕಾಗದ ಪೆನ್ಸಿಲು ಹಿಡಿದು ಗುಣಾಕಾರ ಮಾಡಿ ನೋಡಲಿಲ್ಲ. ಗಣಿತದ ಮಾಸ್ತರ!

ಆ ಗುಣಾಕಾರವನ್ನು ಈಗ ಮಾಡುತ್ತೇನೆ. ಓದುವವರ ಮನೆಯಲ್ಲೂ ಯಾವುದೋ ಜೇಬಿನಲ್ಲಿ ಅಂಥದೇ ಒಂದು ಪತ್ರ ಮಡಿಚಿಟ್ಟಿರಬಹುದು.

ಅಮೆರಿಕದ ಯೂನಿವರ್ಸಿಟಿ ಕೊಡುವ ಐ-20 ಎಂಬ ಕಾಗದದಲ್ಲಿ ಒಂದು ವರ್ಷದ ಖರ್ಚು ಬರೆದಿರುತ್ತದೆ. ಆ ಹಣ ನಮ್ಮ ಹತ್ತಿರ ಇದೆ ಎಂದು ತೋರಿಸಿದರೆ ಮಾತ್ರ ಎಫ್-1 ಎಂಬ ವಿದ್ಯಾರ್ಥಿ ವೀಸಾದ ಮಾತು. ಈ ಹುಡುಗನ ಕಾಗದದಲ್ಲಿ ಇದ್ದದ್ದು 36,000 ಡಾಲರು: ಫೀ 22,000, ಬಾಡಿಗೆ, ಊಟ, ಆರೋಗ್ಯ ವಿಮೆ ಎಲ್ಲ ಸೇರಿ 14,000. ಆಗಿನ ದರ ಡಾಲರಿಗೆ 83 ರೂಪಾಯಿಯಂತೆ ಹಿಡಿದರೆ ವರ್ಷಕ್ಕೆ ಸುಮಾರು 30 ಲಕ್ಷ. ಇನ್ನು ದುಡಿಮೆ. ಎಫ್-1 ವೀಸಾದ ಮೇಲೆ ಹೋದವರು ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಅದೂ ಕ್ಯಾಂಪಸ್ಸಿನ ಒಳಗೆ. ಮೊದಲ ವರ್ಷ ಹೊರಗೆ ಕಾಲಿಡುವ ಹಾಗೇ ಇಲ್ಲ. ಇವನಿಗೆ ಗಂಟೆಗೆ 12 ಡಾಲರು. ವಾರಕ್ಕೆ 240. ಹದಿನಾರು ವಾರದ ಎರಡು ಸೆಮಿಸ್ಟರ್ ಒಂದು ದಿನವೂ ಬಿಡದೆ ದುಡಿದರೆ 7,680 ಡಾಲರು. ಬಾಡಿಗೆ ಊಟದ ಖರ್ಚಿನ ಅರ್ಧಕ್ಕಿಂತ ತುಸು ಹೆಚ್ಚು ಅದರಲ್ಲಿ ಕಳೆಯಿತು. ಫೀಗೆ ಒಂದು ಪೈಸೆ ಉಳಿಯಲಿಲ್ಲ.

ರಜೆಯಲ್ಲಿ ಪೂರ್ಣ ವೇಳೆ ದುಡಿಯಲು ಕಾನೂನು ಒಪ್ಪುತ್ತದೆ. ಆದರೆ ರಜೆ ಬಂದೊಡನೆ ಹುಡುಗರು ಊರಿಗೆ ಹೋಗುತ್ತಾರೆ, ಊಟದ ಮನೆಗೆ ಬೀಗ ಬೀಳುತ್ತದೆ. ತಿನ್ನುವವರೇ ಇಲ್ಲದಾಗ ತಟ್ಟೆ ಎಲ್ಲಿಯವು? ಎಳ್ಳು ಅಮಾವಾಸ್ಯೆಯ ದಿನ ಹೊಲ ನೋಡಲು ಅವನಿಗೆ ಅಷ್ಟು ಬಿಡುವಿದ್ದದ್ದು ಹೀಗೆ. ಎರಡು ವಾರದಿಂದ ಕೂಲಿ ಇರಲಿಲ್ಲ.

ದುಡಿಮೆಯಿಂದಲೇ ಫೀ ತೀರುವ ದಾರಿಯೂ ಒಂದಿದೆ. ಪಿಎಚ್.ಡಿ.ಗೆ ಹೋಗುವವರಿಗೆ ಬಹುಮಟ್ಟಿಗೆ ಯೂನಿವರ್ಸಿಟಿಯೇ ಫೀ ಬಿಟ್ಟು, ಪಾಠ ಮಾಡುವುದಕ್ಕೋ ಸಂಶೋಧನೆಗೆ ನೆರವಾಗುವುದಕ್ಕೋ ತಿಂಗಳ ಸಂಭಾವನೆ ಕೊಡುತ್ತದೆ. ಎಂ.ಎಸ್.ಗೆ ಹೋಗುವವರಲ್ಲಿ ಅಂಥ ಅದೃಷ್ಟ ಕೆಲವರಿಗಷ್ಟೇ. ಉಳಿದವರು ಮನೆಯ ರೊಕ್ಕ ತರಬೇಕು. ಊರಲ್ಲಿ ಹಬ್ಬುವ ಕಥೆಗಳು ಮೊದಲಿನವರದು, ಸಾಲದ ಕಾಗದ ಎರಡನೆಯವರದು. 2023-24ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತದ ವಿದ್ಯಾರ್ಥಿಗಳು 3,31,602. ಬೇರೆ ಯಾವ ದೇಶದಿಂದಲೂ ಅಷ್ಟು ಮಂದಿ ಹೋಗಿರಲಿಲ್ಲ. ಅವರಲ್ಲಿ ಎಷ್ಟು ಜನರ ಮನೆಯಲ್ಲಿ ಯಾವ ದಿಕ್ಕಿನ ಹೊಲ ಫೋನಿನಲ್ಲಿ ಕಾಣಿಸುವುದಿಲ್ಲವೋ, ಅದನ್ನು ಲೆಕ್ಕ ಮಾಡಿದವರಿಲ್ಲ.

ಹುಡುಗ ತಟ್ಟೆಯ ಮಾತು ಯಾಕೆ ಮುಚ್ಚಿಟ್ಟ? ಒಮ್ಮೆ ನೇರವಾಗಿ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಸರ್, ಇಲ್ಲೆ ಯಾರೂ ಏನೂ ಅನ್ನೂದಿಲ್ಲ. ನನ್ನ ಬಾಜೂಕ ನಿಂತ ತೊಳಿಯೋ ಹುಡುಗನ ಅಪ್ಪ ದೊಡ್ಡ ಡಾಕ್ಟರ್ ಅದಾನ. ಆದ್ರ ನಮ್ಮೂರಾಗ ಗೊತ್ತಾದ್ರ?" ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ, ಯಾಕೆಂದರೆ ಊರು ಏನನ್ನುತ್ತದೆ ಎಂದು ನನಗೂ ಗೊತ್ತು. 'ಇಂಜಿನೀರ ಓದಿಸಿ ಮುಸುರಿ ತಿಕ್ಕಾಕ ಕಳಿಸ್ಯಾನ' ಅನ್ನುತ್ತದೆ.

ಬರ ಬಿದ್ದ ವರ್ಷ ನಮ್ಮ ತಾಲೂಕಿನಿಂದ ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗುತ್ತಾರೆ. 2023ರಲ್ಲಿ ಮಳೆ ಕೈಕೊಟ್ಟು ಹೆಸರು ಒಣಗಿದಾಗಲೂ ಹೋದರು. ರಾತ್ರಿ ಬಸ್ಸಿಗೆ ಗಂಟುಮೂಟೆ ಹೊತ್ತು ಹೋಗುವವರನ್ನು ಯಾರೂ ಕಳಿಸಿಕೊಡಲು ಬರುವುದಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಈ ಹುಡುಗ ಹೊರಟಾಗ ಊರ ಗುಡಿಯ ಮುಂದೆ ಶಾಲು ಹೊದಿಸಿ ಮಾಲೆ ಹಾಕಿದೆವು. ನಾನೇ ಭಾಷಣ ಮಾಡಿದೆ. ಗೋವಾದ ಕಟ್ಟಡದಲ್ಲಿ ಸಿಮೆಂಟು ಕಲಸುವ ಕೈಗೂ ಅಮೆರಿಕದ ಅಡುಗೆಮನೆಯಲ್ಲಿ ತಟ್ಟೆ ತೊಳೆಯುವ ಕೈಗೂ ನಡುವೆ ವ್ಯತ್ಯಾಸ ಏನು ಎಂದು ಆಗ ನನಗೆ ಹೊಳೆಯಲಿಲ್ಲ. ಈಗ ಹೊಳೆಯುತ್ತದೆ: ಒಬ್ಬನು ದುಡಿದು ಮನೆಗೆ ಹಣ ಕಳಿಸುತ್ತಾನೆ, ಇನ್ನೊಬ್ಬನು ದುಡಿಯುತ್ತಿರುವಾಗಲೂ ಮನೆಯಿಂದ ಹಣ ಹೋಗುತ್ತಿರುತ್ತದೆ. ನಾವು ಮಾಲೆ ಹಾಕಿದ್ದು ಎರಡನೆಯವನಿಗೆ.

ಕಾಯಕದ ಮಾತನ್ನು ನಮ್ಮ ಶಾಲೆಗಳ ಗೋಡೆಗೆ ದಪ್ಪ ಅಕ್ಷರದಲ್ಲಿ ಬರೆಸಿದ್ದೇವೆ. ನಾನೇ ಒಮ್ಮೆ ಪೇಂಟರನಿಗೆ ದುಡ್ಡು ಕೊಟ್ಟು ಬರೆಸಿದ್ದೇನೆ. ಆ ಗೋಡೆಯ ಕೆಳಗೆ ಕೂತು ಕಲಿತ ಹುಡುಗ ಎಂಟು ಸಾವಿರ ಮೈಲು ಆಚೆ ತನ್ನ ಕೈ ಬಚ್ಚಿಡುತ್ತಾನೆ. ಗೋಡೆಯ ಮಾತು ಗೋಡೆಯಲ್ಲೇ ಉಳಿದಿದೆ. ನಮ್ಮ ಕಣ್ಣಿನಲ್ಲಿರುವ ಮಾತು ಬೇರೆ, ಮಕ್ಕಳು ಅದನ್ನೇ ಓದಿಕೊಂಡಿದ್ದಾರೆ.

ಆದರೆ ದುಡಿದು ಕಲಿಯುವುದು ಈ ನೆಲಕ್ಕೆ ಹೊಸದೂ ಅಲ್ಲ, ಅವಮಾನದ್ದೂ ಅಲ್ಲ. ನಮ್ಮೂರಿಂದ ತೆಂಕಲಿಗೆ ಹೋದರೆ ಕುಂದಗೋಳ. ಗಾಯಕ ಸವಾಯಿ ಗಂಧರ್ವರ ಊರು. 1930ರ ದಶಕದಲ್ಲಿ ಹಾಡಿನ ಹುಚ್ಚಿಗೆ ಮನೆ ಬಿಟ್ಟು ಊರೂರು ಅಲೆದ ಗದಗಿನ ಹುಡುಗ ಕೊನೆಗೆ ಬಂದು ನಿಂತದ್ದು ಇವರ ಮನೆಯಲ್ಲಿ. ಗುರುವಿನ ಮನೆಗೆ ಕೊಡಗಟ್ಟಲೆ ನೀರು ಹೊತ್ತ, ಹೇಳಿದ ಮನೆಗೆಲಸವೆಲ್ಲ ಮಾಡಿದ. ಸ್ವರ ಸಿಕ್ಕಿದ್ದು ಆ ನಂತರ. ಮುಂದೆ ಅವರು ಭೀಮಸೇನ ಜೋಶಿಯಾದರು, ಭಾರತರತ್ನರಾದರು. ಅಷ್ಟಾದ ಮೇಲೂ ಗುರುಮನೆಯಲ್ಲಿ ನೀರು ಹೊತ್ತದ್ದನ್ನು ಅವರು ಮುಚ್ಚಿಡಲಿಲ್ಲ, ಕೇಳಿದವರಿಗೆಲ್ಲ ಹೇಳಿದರು. ಇವತ್ತು ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಹೆಸರಿನಲ್ಲಿ ಸಂಗೀತೋತ್ಸವ ನಡೆದಾಗ ಜನ ಆ ಕೊಡದ ಕಥೆಯನ್ನೂ ರಾಗದಷ್ಟೇ ಪ್ರೀತಿಯಿಂದ ನೆನೆಯುತ್ತಾರೆ. ಹೇಳಿಕೊಂಡದ್ದರಿಂದ ಆ ಕೊಡ ಹಗುರಾಯಿತು.

ಧಾರವಾಡದಲ್ಲಿ ಓದಿದ ಹಿಂದಿನ ತಲೆಮಾರಿನ ಎಷ್ಟೋ ಮಂದಿ ವಾರಾನ್ನದ ಹುಡುಗರು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಕಲಿತ ಹಳ್ಳಿ ಮಕ್ಕಳು ಸಾವಿರಾರು. ಅವರಲ್ಲಿ ದೊಡ್ಡವರಾದವರು ಆತ್ಮಕಥೆ ಬರೆದಾಗ ಆ ಅನ್ನದ ಪುಟವನ್ನು ಹರಿದು ಹಾಕಲಿಲ್ಲ.

ಅಮೆರಿಕದ ದಾರಿಯೂ ಹಳೆಯದೇ. ಧಾರವಾಡದಲ್ಲಿ ಹುಟ್ಟಿದ ನಾ. ಸು. ಹರ್ಡೀಕರರು ಮೊದಲ ಮಹಾಯುದ್ಧದ ಕಾಲಕ್ಕೇ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲಿ ಲಾಲಾ ಲಜಪತರಾಯರ ಜೊತೆ ದುಡಿದು, ಮರಳಿ ಬಂದು 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಅದೇ ಕಾಲದ ಆಸುಪಾಸಿನಲ್ಲಿ, 1922ರಲ್ಲಿ, ಬಿಹಾರದ ಒಬ್ಬ ತರುಣ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಇಳಿದ. ಫೀ ಕಟ್ಟಲು ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿದ, ಹೋಟೆಲಿನಲ್ಲಿ ತಟ್ಟೆ ತೊಳೆದ. ಬರ್ಕ್‌ಲಿಯಲ್ಲಿ ಫೀ ಏರಿಸಿದಾಗ ಅಲ್ಲಿ ಓದುವುದು ಆಗದೆ ಅಯೋವಾಕ್ಕೆ ಹೋದ. ಹೀಗೆ ಊರಿಂದೂರಿಗೆ, ಕೂಲಿಯಿಂದ ಕೂಲಿಗೆ ಹೋಗುತ್ತ ಏಳು ವರ್ಷ ಕಳೆದು 1929ರಲ್ಲಿ ಮರಳಿದ. ಜಯಪ್ರಕಾಶ ನಾರಾಯಣರು ಆ ತಟ್ಟೆಗಳ ಮಾತನ್ನು ಯಾರಿಂದಲೂ ಬಚ್ಚಿಡಲಿಲ್ಲ. ಕೂಲಿಕಾರರ ಪರ ನಿಂತು ಮಾತಾಡುವಾಗ ಅವರ ಮಾತಿಗೆ ತೂಕ ಬಂದದ್ದರಲ್ಲಿ ಆ ದ್ರಾಕ್ಷಿ ತೋಟದ ಪಾಲೂ ಇದ್ದೀತು.

ಇನ್ನು ಅಪ್ಪನ ಕಡೆ. ಅವನು ಮುಚ್ಚಿಟ್ಟದ್ದಕ್ಕೂ ಕಾರಣ ಇದೆ. ಹನ್ನೆರಡು ಎಕರೆ ಎರಿ ಹೊಲ ಇದ್ದ ರೈತ ಬ್ಯಾಂಕಿಗೆ ಹೋದ. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಆಸ್ತಿಯ ಆಧಾರ ಬೇಕು ಎಂದರು. ಉತಾರ ತೋರಿಸಿದ. ಸಾಗುವಳಿ ಜಮೀನು ಆಗುವುದಿಲ್ಲ, ಕೃಷಿಯೇತರ (ಎನ್.ಎ.) ಪ್ಲಾಟೋ ಮನೆಯೋ ಇದ್ದರೆ ತನ್ನಿ ಎಂದರು. ಬಹುಪಾಲು ಬ್ಯಾಂಕುಗಳ ನಿಯಮ ಹಾಗೆಯೇ ಇದೆ. ನಾಲ್ಕು ತಲೆಮಾರು ಅನ್ನ ಕೊಟ್ಟ ಭೂಮಿ ಸಾಲಕ್ಕೆ ಬಾರದು, ಹುಬ್ಬಳ್ಳಿಯ ಹೊರವಲಯದಲ್ಲಿ ಒಂದು ಕಾಳೂ ಬೆಳೆಯದ ಮೂವತ್ತು-ನಲವತ್ತರ ಸೈಟು ಬರುತ್ತದೆ! ಕೊನೆಗೆ ಹೆಂಡತಿಯ ಅಣ್ಣನ ಪ್ಲಾಟು ಇಟ್ಟು ಮೊದಲನೇ ವರ್ಷ ಕಳೆಯಿತು. ಆ ವರ್ಷವೇ ಬರ. ಎರಡನೇ ವರ್ಷಕ್ಕೆ ಉಳಿದದ್ದು ಮಾರಾಟ ಒಂದೇ.

ನವಲಗುಂದದಲ್ಲಿ 1980ರ ಜುಲೈ 21ರಂದು ನಡೆದ ರೈತ ಬಂಡಾಯವನ್ನು ನಾವು ಪ್ರತಿವರ್ಷ ಹುತಾತ್ಮ ರೈತರ ಕಲ್ಲಿನ ಮುಂದೆ ನೆನೆಯುತ್ತೇವೆ. ಮಲಪ್ರಭೆಯ ನೀರು ಹೊಲ ಮುಟ್ಟುವ ಮೊದಲೇ ಬೆಟರ್‌ಮೆಂಟ್ ಲೆವಿ ಕಟ್ಟು ಎಂದು ಸರ್ಕಾರ ನಿಂತದ್ದೇ ಆ ಬಂಡಾಯಕ್ಕೆ ಬೇರು. ಬಾರದ ನೀರಿಗೆ ಕರ ಕೇಳಿದ್ದನ್ನು ಗುಂಡಿಗೆ ಎದೆಯೊಡ್ಡಿ ಪ್ರಶ್ನಿಸಿದ ತಾಲೂಕು ಇದು. ಅದೇ ತಾಲೂಕಿನ ರೈತ ಇವತ್ತು ಇನ್ನೂ ಬಾರದ ನೌಕರಿಗೆ ಮುಂಗಡ ಕರ ಕಟ್ಟುತ್ತಿದ್ದಾನೆ, ತುಟಿ ಪಿಟಕ್ಕೆನ್ನದೆ. ಓದು ಮುಗಿದ ಮೇಲೆ ಅಮೆರಿಕದಲ್ಲಿ ಕೆಲಸ ಮಾಡಲು ಹುಡುಗನಿಗೆ ಒಂದು ವರ್ಷ, ವಿಜ್ಞಾನ ತಂತ್ರಜ್ಞಾನದವನಾದರೆ ಇನ್ನೆರಡು ವರ್ಷ ಅವಕಾಶ. ಆ ಮೊದಲ ವರ್ಷದಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಕಳೆದರೆ ಆ ಅವಕಾಶವೂ ಹೋಯಿತು. ಕಾಲುವೆ ತೋಡಿದ್ದಾಗಿದೆ, ನೀರು ಬರುವುದು ಮೇಲಿನವರ ಕೈಯಲ್ಲಿ.

ಹೊಲ ವಿದ್ಯೆಗೆ ಹೋಗುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಈ ಸೀಮೆಯ ದೊಡ್ಡ ಹೆಸರೇ ಹಾಗೆ ಬಂದದ್ದು. ನವಲಗುಂದ-ಶಿರಸಂಗಿಯ ದೇಸಾಯಿ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನೆಲ್ಲ ತಮ್ಮ ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟರು. ಅದರ ಮೇಲೆ ವ್ಯಾಜ್ಯ ನಡೆಯಿತು, ಕಾಲ ಹಿಡಿಯಿತು, ಆದರೂ ಬರೆದದ್ದು ನಿಂತಿತು. ಆ ಭೂಮಿಯ ಉತ್ಪನ್ನದಲ್ಲಿ ಓದಿದವರು ಎಷ್ಟೋ ಜನ. ಬೆಳಗಾವಿಯ ಕಾಲೇಜು ಅವರ ಹೆಸರು ಹೊತ್ತಿದೆ. ಅವರು ದೇಸಾಯಿ, ನಮ್ಮವನು ಹನ್ನೆರಡು ಎಕರೆಯ ರೈತ. ಇಬ್ಬರೂ ಕೊಟ್ಟದ್ದು ಭೂಮಿಯನ್ನೇ, ವಿದ್ಯೆಗೇ. ಅವರು ಕಾಗದದಲ್ಲಿ ಬಿಚ್ಚಿ ಬರೆದು ಕೊಟ್ಟರು. ಇವನು ಕದ್ದು ಕೊಟ್ಟ, ತನ್ನದೇ ಹೊಲವನ್ನು, ತನ್ನ ಮಗನಿಂದಲೇ ಮರೆಮಾಡಿ. ತ್ಯಾಗ ಮಾಡಿದವನು ಕಳ್ಳನ ಹಾಗೆ ಫೋನು ತಿರುಗಿಸಬೇಕಾಗಿ ಬಂದದ್ದು ನನಗೆ ಸಹಿಸಲಾಗಲಿಲ್ಲ.

ಇಂಥ ಮುಚ್ಚಿಡುವಿಕೆಯನ್ನು ನಾವು ಪ್ರೀತಿ ಎಂದು ಕರೆಯುತ್ತೇವೆ. 'ಹುಡುಗನ ಮನಸ್ಸಿಗೆ ಹತ್ತಬಾರದು', 'ಅಪ್ಪನ ಎದಿ ಒಡೀಬಾರದು.' ಪ್ರೀತಿಯೇ ಇರಬಹುದು. ಆದರೆ ಆ ಪ್ರೀತಿಯ ಬಡ್ಡಿ ಎಲ್ಲಿಗೆ ಮುಟ್ಟುತ್ತದೆ ಎಂದು 2024ರ ಅಕ್ಟೋಬರಿನಲ್ಲಿ ಗೊತ್ತಾಯಿತು. ಅಂದು ಹುಡುಗ ನನಗೆ ಫೋನು ಮಾಡಿ ಒಂದು ಮಾತು ಕೇಳಿದ. ಯಾರೋ ಪರಿಚಯದವರ ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ ಕೆಲಸ ಇದೆ. ಗಂಟೆಗೆ 8 ಡಾಲರು, ಕೈಗೆ ಕೈ ರೊಕ್ಕ, ಎಲ್ಲೂ ಬರೆಯುವುದಿಲ್ಲ. "ಸೊಸೈಟಿ ಸಾಲದ ಬಡ್ಡಿ ಅಪ್ಪಗ ಭಾಳ ಆಗತಿರಬೇಕ್ರಿ ಸರ್. ನಾ ಇದನ್ನ ಹಿಡೀಲೇನು?"

ಇಲ್ಲದ ಸಾಲದ ಬಡ್ಡಿ ತೀರಿಸಲು ಹುಡುಗ ಕಾನೂನು ಮುರಿಯಲು ಹೊರಟಿದ್ದ. ಅನುಮತಿ ಇಲ್ಲದೆ ಹೊರಗೆ ದುಡಿದದ್ದು ಗೊತ್ತಾದರೆ ವೀಸಾದ ಹಕ್ಕು ಹೋಗುತ್ತದೆ, ಓದು ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಆ ದೇಶದ ಬಾಗಿಲು ತೆರೆಯುವುದು ಕಷ್ಟ. ನಾಲ್ಕು ಎಕರೆಯೂ ಹೋಗಿ ಡಿಗ್ರಿಯೂ ಹೋಗುತ್ತಿತ್ತು. ಒಳಗಿನ ಕೆಲಸಕ್ಕೆ 12 ಡಾಲರು ಸಿಗುವಾಗ ಬಂಕಿನವನು 8 ಯಾಕೆ ಕೊಡುತ್ತಾನೆ ಎಂದು ಕೇಳಿದೆ. ಹುಡುಗನಿಗೆ ತಾನೇ ಉತ್ತರ ಹೊಳೆಯಿತು: ಎಲ್ಲೂ ಬರೆಯದ ಕೂಲಿಗೆ ತಕರಾರು ಮಾಡುವಂತಿಲ್ಲ. ಬಾಯಿಲ್ಲದವನ ಬೆವರು ಯಾವ ದೇಶದಲ್ಲೂ ಅಗ್ಗ. ಅವನು ಹೋಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಕಾಯುತ್ತಿದ್ದ ಗುಟ್ಟೇ ಅವನನ್ನು ಆ ಬಂಕಿನ ಬಾಗಿಲ ತನಕ ನಡೆಸಿಕೊಂಡು ಹೋಗಿತ್ತು.

ಇಷ್ಟಾದರೂ ಎಳ್ಳು ಅಮಾವಾಸ್ಯೆಯ ತನಕ ನಾನು ಬಾಯಿ ಬಿಡಲಿಲ್ಲ. ಬಿಡಿಸಿದ್ದು ಆ ತಾಯಿ. ಊಟದ ನಂತರ ಆಕೆ ಚರಗ ಚೆಲ್ಲುತ್ತ ಹೊಲದ ಸುತ್ತ ನಡೆದಳು. ಒಡ್ಡು ಬಂತು. ಆಚೆ ಮಾರಿದ ಹೊಲ, ಬೇರೆಯವರು ಬಿತ್ತಿದ ಕಡಲೆ. ಆಕೆ ಒಂದು ಗಳಿಗೆ ನಿಂತಳು. ಆಮೇಲೆ ಬುಟ್ಟಿಯಲ್ಲಿ ಉಳಿದಿದ್ದ ಅನ್ನ, ಪಲ್ಲೆ, ಕಡುಬಿನ ಚೂರು ಎಲ್ಲವನ್ನೂ ಬೊಗಸೆ ತುಂಬಿ ಒಡ್ಡಿನ ಆಚೆಗೇ ಎಸೆದಳು. "ಅದೂ ಉಣ್ಣಲಿ. ಇಷ್ಟ ದಿನಾ ನಮಗ ನೀಡೇತಿ" ಅಂದಳು. ಮುಚ್ಚಿಡಲು ಆಕೆಯ ಹತ್ತಿರ ಏನೂ ಇರಲಿಲ್ಲ.

ಮರುದಿನ ಅಪ್ಪನ ಮನೆಗೆ ಹೋದೆ. ಮೊದಲು ನನ್ನ ತಪ್ಪು ಹೇಳಿದೆ: ದುಡಕೊಂಡು ಓದುತ್ತಾರೆ ಎಂದು ಲೆಕ್ಕ ನೋಡದೆ ಹೇಳಿದವನು ನಾನು, ಅದು ಸುಳ್ಳಾಗಿತ್ತು ಎಂದೆ. ಕಾಗದ ಬಿಡಿಸಿ 240ರ ಗುಣಾಕಾರ ತೋರಿಸಿದೆ. ಅವನು ತಲೆ ತಗ್ಗಿಸಿ ನೋಡಿದ. ಬಂಕಿನ ಮಾತು ಹೇಳಿದಾಗ ತಲೆ ಎತ್ತಿದ. ಹುಡುಗನಿಗೂ ಫೋನು ಮಾಡಿ, ನಿಮ್ಮಪ್ಪನಿಗೆ ನೀನು ಹೇಳು, ಇಲ್ಲವಾದರೆ ನಾನು ಹೇಳುತ್ತೇನೆ ಎಂದೆ. ಸಂಕ್ರಾಂತಿಯ ದಿನ ಸಂಜೆ ಅವರ ಪಡಸಾಲೆಯಲ್ಲಿ ಎಲ್ಲರೂ ಕೂತೆವು. ಫೋನನ್ನು ನೀರಿನ ತಂಬಿಗೆಗೆ ಆನಿಸಿ ನಿಲ್ಲಿಸಿದರು.

ಅಪ್ಪನೇ ಮೊದಲು ಹೇಳಿದ. "ಪಡುವಲ ಹೊಲಾ ಹೋತಪಾ. ಸಾಲಾ ಅಲ್ಲ ಅದು, ಖರೀದಿ ಕೊಟ್ಟೆ."

ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಮೊದಲ ಸಲ ಎರಡು ಕೈ ಮೇಲೆ ಬಂದವು. "ಅಪ್ಪಾ, ನಾ ಲೈಬ್ರರ್ಯಾಗ ಇಲ್ಲ. ಇಲ್ಲೆ ಗಂಗಾಳ ತೊಳೀತೇನಿ."

ಅಪ್ಪ ಆ ಬೆರಳುಗಳನ್ನು ನೋಡಿದ. ಏನು ಹೇಳುತ್ತಾನೋ ಎಂದು ನಾನು ಉಸಿರು ಬಿಗಿಹಿಡಿದಿದ್ದೆ. ಅವನು ಕೇಳಿದ್ದು ಇಷ್ಟು: "ಸ್ವಚ್ಛ ತೊಳೀತಿ ಇಲ್ಲೋ?"

ಒಳಗಿನಿಂದ ಅವ್ವ ಬಂದಳು. "ಮನ್ಯಾಗ ಒಂದ ದಿನಾ ನಿನ್ನ ತಾಟ ನೀ ಎತ್ತಿಡಲಿಲ್ಲ, ಈಗ ಪರದೇಶದವರದು ತೊಳೀತಿ? ಬಾ, ಊರಿಗೆ ಬಾ, ನಿನಗೈತಿ" ಎಂದಳು. ಹುಡುಗ ನಕ್ಕ. ಅಳುತ್ತಲೂ ಇದ್ದ. ಆಮೇಲೆ ಅಪ್ಪ ಮಗ ಇಬ್ಬರೂ ಅರ್ಧ ತಾಸು ಬರೀ ಲೆಕ್ಕ ಮಾತಾಡಿದರು. ಎಷ್ಟು ಉಳಿದಿದೆ, ಪ್ಲಾಟಿನ ಸಾಲದ ಕಂತು ಯಾವಾಗ ಶುರು, ನೌಕರಿ ಸಿಗದಿದ್ದರೆ ಏನು. ಒಂದೂವರೆ ವರ್ಷದಲ್ಲಿ ಅಪ್ಪ ಮಗ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅದಕ್ಕೆ ಮುಂಚೆ ಅವರ ಮಾತೆಲ್ಲ 'ಊಟಾ ಆತೇನು', 'ಆತು' ಅಷ್ಟರಲ್ಲೇ ಮುಗಿಯುತ್ತಿತ್ತು. ಮುಚ್ಚಿಟ್ಟದ್ದು ಎಲ್ಲಿ ಬಾಯಿಗೆ ಬಂದುಬಿಡುವುದೋ ಎಂಬ ಹೆದರಿಕೆಗೆ ಉಳಿದ ಮಾತುಗಳನ್ನೂ ಮುಚ್ಚಿಟ್ಟಿದ್ದರು.

ಸಾಲ ತೀರಿಲ್ಲ. ಹೊಲ ಮರಳಿ ಬಂದಿಲ್ಲ. ಬದಲಾದದ್ದು ಒಂದೇ: ಭಾರ ಈಗ ಇಬ್ಬರಿಗೂ ಕಾಣುತ್ತದೆ, ಹೀಗಾಗಿ ಇಬ್ಬರೂ ಕೈ ಹಚ್ಚಬಹುದು.

ಮಕ್ಕಳನ್ನು ದೂರ ಕಳಿಸಲು ಹೊರಟಿರುವ ತಂದೆ ತಾಯಂದಿರಲ್ಲಿ ನನ್ನದೊಂದು ಕೇಳಿಕೆ. ಶಾಲು ಮಾಲೆಗಳು ಬರುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ನಡುವೆ ಗೆರೆ ಎಳೆಯಿರಿ. ಎಡಕ್ಕೆ ನೀವು ಏನು ಇಡುತ್ತೀರಿ, ಏನು ಮಾರುತ್ತೀರಿ, ಯಾರ ಕೈಯಿಂದ ಪಡೆಯುತ್ತೀರಿ ಎಂದು ಬರೆಯಿರಿ. ಬಲಕ್ಕೆ ಮಗ ಅಥವಾ ಮಗಳು ಅಲ್ಲಿ ಯಾವ ಕೆಲಸ ಮಾಡಬಹುದು, ವಾರಕ್ಕೆ ಎಷ್ಟು ತಾಸು, ಎಷ್ಟು ಕೂಲಿ ಎಂದು ಅವರಿಂದಲೇ ಬರೆಸಿ. ಇಬ್ಬರೂ ಗಟ್ಟಿಯಾಗಿ ಓದಿ. ಓದಲು ನಾಚಿಕೆಯಾಗುವ ಸಾಲು ಯಾವುದಾದರೂ ಇದ್ದರೆ ಅದರ ಹತ್ತಿರ ಇನ್ನೂ ಸ್ವಲ್ಪ ಹೊತ್ತು ಕೂಡಿ. ನನ್ನಂಥ ಮಾಸ್ತರರು ನಿಮ್ಮ ಪಕ್ಕದ ಮನೆಯಲ್ಲಿದ್ದರೆ, ಅವರ ಬಾಯಿಮಾತು ನಂಬಬೇಡಿ, ಗುಣಾಕಾರ ಕೇಳಿ.

ಹುಡುಗ ಈಗಲೂ ವಾರಕ್ಕೆ ಇಪ್ಪತ್ತು ತಾಸು ತಟ್ಟೆ ತೊಳೆಯುತ್ತಾನೆ. ಪಡುವಲ ಹೊಲದಲ್ಲಿ ಕೊಂಡವರ ಕಡಲೆ ಕೀಳಲು ಬಂದಿದೆ. ಬೆಳೆ ಚೆನ್ನಾಗಿದೆ.